ರವಿವಾರದ ಬಾಟಲಿಗಳು

ನನ್ನ ಕೇದಾರ ಅವರಿಗೆ,

ನನಗೆ ಕೆಲಸ ಸಿಕ್ಕಿತು, ಅದೂ ನಿಮ್ಮದೇ ಲ್ಯಾಬಿನಲ್ಲಿ, ನಮ್ಮ ಧಾರವಾಡದಲ್ಲಿ! 'ರಿಸರ್ಚ್ ಅಸೋಸಿಯೇಟ್' ಎಂದು ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೇ ಕುಣಿದುಬಿಟ್ಟೆ. ಬೆಂಗಳೂರಿನ ಈಗಿನ ಕೆಲಸದಲ್ಲೇ ಇದ್ದಿದ್ದರೆ ಬರುವ ವರ್ಷ ಸೀನಿಯರ್ ಆಗುತ್ತಿದ್ದೆ, ಇರಲಿ ಬಿಡಿ. ಮದುವೆಯಾಗಿ ಎರಡು ತಿಂಗಳಾಯಿತು, ನಾವು ಜೊತೆಗಿದ್ದದ್ದು ಒಂಬತ್ತೇ ದಿನ.

ಫೋನಿನಲ್ಲಿ ಕೇಳಿದರೆ ನೀವು ನಕ್ಕು ಮಾತು ಹಾರಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಸಂದರ್ಶನದ ದಿನ ನೀವು ಚಹಾ ತರಲು ಹೋದಾಗ, ನಿಮ್ಮ ಸಹೋದ್ಯೋಗಿ ಶರ್ವಾಣಿ ನನಗೆ ಬಾಳೆಯ ಸಸಿ ಬೆಳೆಸುವ ಬಾಟಲಿಗಳನ್ನು ತೋರಿಸಿದಳು. ಎಷ್ಟು ಮುದ್ದಾಗಿವೆ! ಪ್ರತಿಯೊಂದರ ಮೇಲೂ ತಾರೀಖು, ಕೆಲಸ ಮಾಡಿದ ಇಬ್ಬರ ಹೆಸರು. ಒಂದು ಇಡೀ ಸಾಲು 'ಕೇದಾರ–ಶರ್ವಾಣಿ', ಎಲ್ಲವೂ ರವಿವಾರದವು.

"ರವಿವಾರದ ಡ್ಯೂಟಿ ಬೇಕಾದವ್ರಿಗಷ್ಟ ರೀ. ನಿಮ್ಮ ಮನಿಯವ್ರು ನಾ ಕರದ್ರ ಒಲ್ಲೆ ಅನ್ನೂದ ಇಲ್ಲ ನೋಡ್ರಿ," ಎಂದು ನಕ್ಕಳು.

ಆ ಡ್ಯೂಟಿ ಕಡ್ಡಾಯ, ಅದಕ್ಕೇ ಬೆಂಗಳೂರಿಗೆ ಬರಲಾಗುತ್ತಿಲ್ಲ ಎಂದು ನೀವು ನನಗೆ ಹೇಳಿದ್ದಿರಿ.

ಶರ್ವಾಣಿ ಒಳ್ಳೆಯವಳೇ. ಕೈ ಚುರುಕು, ಜಡೆ ನನ್ನದಕ್ಕಿಂತ ಉದ್ದ. ನಾನೇನೂ ಅನ್ನುತ್ತಿಲ್ಲ. ಸಪ್ತಾಪುರದ ನಿಮ್ಮ ಬಾಡಿಗೆ ರೂಮಿನಲ್ಲಿ ನನ್ನ ಪುಸ್ತಕಗಳಿಗೆ ಒಂದು ಕಪಾಟು ಖಾಲಿ ಮಾಡಿ. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ, ರವಿವಾರಗಳಿಗೆ ನಿಮ್ಮ ಹೆಸರಿನ ಪಕ್ಕ ನನ್ನದನ್ನು ಬರೆಸಿ. ಅದಾಗದಿದ್ದರೆ ನಿಮ್ಮದನ್ನೂ ಹೊಡೆದುಹಾಕಿ. ಏನು ಮಾಡಿದಿರಿ ಎಂದು ಫೋನಿನಲ್ಲಿ ಹೇಳಬೇಡಿ, ನಾನೇ ಬಂದು ಓದುತ್ತೇನೆ. ಶುಕ್ರವಾರ ಬೆಳಿಗ್ಗೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್.

ನಿಮ್ಮವಳೇ,
ಸುರಭಿ