ಪಕ್ಕದ ಬಾಗಿಲಿರುವ ಚೌಕಟ್ಟು

ಬುಧವಾರ, ಹದಿನಾಲ್ಕನೇ ತಾರೀಖು.

ದನ ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟನ್ನು ಕೊನೆಗೂ ಆರಿಸಿ ಬಂದೆ. ಅಣ್ಣ ಮೂರು ವರ್ಷ ಕೇಳಿದ್ದ. "ನನ್ನ ತೋಳಿರುವಾಗ ಕಬ್ಬಿಣ ಯಾಕಣ್ಣ?" ಎಂದು ಮೀಸೆ ತಿರುವುತ್ತಿದ್ದೆ. ಸುಳ್ಳೇನಲ್ಲ, ಕೊಂಬು ಹಿಡಿಯುವುದರಲ್ಲಿ ಈ ಸುತ್ತಮುತ್ತಲಿಗೆ ನಾನೇ ಹುಲಿ. ಹೋದ ತಿಂಗಳು ಹೋರಿಗೆ ಸೂಜಿ ಹಾಕುವಾಗ, ದನದ ಡಾಕ್ಟರನ್ನು ನಗಿಸಲು ಕೊಂಬಿನಿಂದ ಒಂದು ಕೈ ಬಿಟ್ಟು ತೋರಿಸಿದೆ. ಹೋರಿ ಹೊರಳಿ, ಬಾಲದ ಕಡೆ ನಿಂತಿದ್ದ ಅಣ್ಣನನ್ನು ಗೋಡೆಗೆ ಒತ್ತಿಬಿಟ್ಟಿತು. ಆಸ್ಪತ್ರೆ ಸೇರುವ ಮೊದಲೇ ಅವನು ಹೋದ.

ಅಂಗಡಿಯಲ್ಲಿ, ಪಕ್ಕಕ್ಕೆ ಸಣ್ಣ ಬಾಗಿಲಿರುವ ಚೌಕಟ್ಟೇ ಬೇಕೆಂದೆ; ದನ ಒತ್ತಿದರೆ ಮನುಷ್ಯ ನುಸುಳಿ ಹೊರಬರಬಹುದು. ಆ ಬಾಗಿಲನ್ನೂ ಒಂದು ಗೇಣು ಅಗಲ ಮಾಡಲು ಹೇಳಿದೆ. "ಕಡ್ಡಿಯಂಥ ಮಾಮಂಗೆ ಇಷ್ಟು ದೊಡ್ಡ ಬಾಗಿಲಾ?" ಎಂದು ಅಂಗಡಿಯವನು ನಕ್ಕ. ಅದು ಅಣ್ಣನ ಹೊಟ್ಟೆಯ ಅಳತೆ ಎನ್ನದೆ, ಮುಂಗಡ ಎಣಿಸಿ ಕೊಟ್ಟೆ.

ಮನೆಯಲ್ಲಿ ಅತ್ತಿಗೆ ಊಟ ಬಡಿಸುತ್ತಾ, "ಕೊರಗ್ಬೇಡ. ನೀನು ಕೈಲಾದಷ್ಟು ಹಿಡ್ಕೊಂಡಿದ್ಯಲ್ಲ," ಎಂದರು. ಡಾಕ್ಟರು ಯಾರಿಗೂ ಹೇಳಿಲ್ಲ. ಊರಿಗೆಲ್ಲ ಬಡಾಯಿ ಕೊಚ್ಚಿದ ಬಾಯಿ ಇದು. ಇದೇ ಬಾಯಿಗೆ, "ಅತ್ತಿಗೆ, ಕೈ ಬಿಟ್ಟವನು ನಾನೇ" ಎಂಬ ಒಂದು ಮಾತು ಮಾತ್ರ ಇನ್ನೂ ಬಂದಿಲ್ಲ.