ಶನಿವಾರ ಬಂದ ನೀರು

ಬುಕ್ಕಸಾಗರ
12 ಸೆಪ್ಟೆಂಬರ್ 2025, ಶುಕ್ರವಾರ

ಪ್ರೀತಿಯ ಅಪ್ಪಾ,

ತಪ್ಪಿನ ಮಾತನ್ನೇ ಮೊದಲು ಬರೆಯುತ್ತೇನೆ. ಕೋರ್ಟ್ ಕಮಿಷನರ್ ಕಾಲುವೆ ನೋಡಲು ಬಂದ ದಿನ, ವಾರಗಟ್ಟಲೆ ಮುಚ್ಚಿದ್ದ ನಮ್ಮ ಕೊನೆಯ ಗೇಟನ್ನು ಕಾಲುವೆಯ ನೀರುಗಂಟಿಯಾದ ನೀನೇ ಎತ್ತಿದೆ. ಅದೊಂದೇ ದಿನ. ಸಂಜೆ ಇಳಿಸಿದೆ, ಮರುದಿನ ಕುರೆಕುಪ್ಪದ ಬಸ್ ಹತ್ತಿದೆ. ಈಗ ಕೇಳುತ್ತೇನೆ, ಮೊಣಕಾಲು ನೋವು ಹೇಗಿದೆ? ಭವ್ಯಕ್ಕನ ಮನೆಯಲ್ಲಿ ಆ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ನಿನ್ನ ಫೋನ್ ಅಂದಿನಿಂದ ಸ್ವಿಚ್ ಆಫ್. ಅದಕ್ಕೇ ಅಲ್ಲಿನ ಕಾರ್ಖಾನೆಯ ಶಿಫ್ಟಿಗೆ ಹೊರಟ ಪರಶುರಾಮಣ್ಣನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಣ್ಣು ಹಿಡಿಯದಿದ್ದರೆ ಅಕ್ಕ ಓದಿ ಹೇಳಲಿ.

ಬುಧವಾರ ಕಮಿಷನರ್ ವರದಿ ಬಂತು. ನಮ್ಮ ವಕೀಲರು ಅನುಸೂಯಾ ಮೇಡಂ ಓದಿದರು: ಕಾಲುವೆಯ ಕೊನೆಯ ಗದ್ದೆಗಳಿಗೂ ನೀರು ತಲುಪುತ್ತಿದೆಯಂತೆ. ಜೊತೆಗೆ ಫೋಟೊ. ಅದರಲ್ಲಿ ಯಾರು ಗೊತ್ತೇ? ನಿನ್ನವ್ವ. ವಿರುಪಮ್ಮಜ್ಜಿ ಸೀರೆ ಎತ್ತಿ ಕಟ್ಟಿ, ಸಲಿಕೆಯಿಂದ ಗದ್ದೆಗೆ ನೀರು ತಿರುಗಿಸುತ್ತಿದ್ದಾಳೆ, ನಗುತ್ತಿದ್ದಾಳೆ ಬೇರೆ. ಕಮಿಷನರ್ ಬರುವ ಹಿಂದಿನ ದಿನವೇ ನಾನು ಕೇರಿಯ ಮನೆಮನೆಗೂ ಹೋಗಿ, ನಾಳೆ ನೀರು ಬಿಟ್ಟರೂ ಮುಟ್ಟಬೇಡಿ, ಒಣಗಿದ ಗದ್ದೆಯನ್ನೇ ತೋರಿಸೋಣ ಎಂದು ಹೇಳಿ ಬಂದಿದ್ದೆ. ಅಜ್ಜಿಯನ್ನು ಬೈದರೆ, “ಲೇ ಹುಡುಗಿ, ಪೈರಿಗೆ ನಿನ್ನ ಕೋರ್ಟು ಗೊತ್ತೇನ? ನೀರು ಬಂತು, ಹಾಯಿಸಿದೆ” ಎಂದಳು. ನಮ್ಮವರು ನೀರು ಮುಟ್ಟುವ ಹಕ್ಕಿಗೆ ಹೋರಾಡಿದ ಮಹಾಡ್ ಕೆರೆಯ ಕರಪತ್ರ ಓದಿ ಹೇಳಿದೆ. ಪೂರಾ ಕೇಳಿ, “ಭಾಳ ಚಲೋ ಐತಿ. ಆ ಕೆರಿ ನೀರು ನಮ್ಮ ಗದ್ದಿಗೆ ಬರ್ತೈತೇನು?” ಎಂದಳು.

ಕೊನೆಯ ಗದ್ದೆಗಳಿಗೂ ನಮ್ಮ ಸರದಿಯ ನೀರು ಕೊಡಿ ಎಂದು ಕೇಸು ಹಾಕಿ ಮೂರು ವರ್ಷ, ಹತ್ತೊಂಬತ್ತು ವಾಯಿದೆ. ಒಮ್ಮೆ ನ್ಯಾಯಾಧೀಶರಿಗೆ ವರ್ಗ, ಒಮ್ಮೆ ಎದುರು ವಕೀಲರಿಗೆ ಜ್ವರ. ನಾನು ಓದಿದ ಪುಸ್ತಿಕೆಗಳಲ್ಲಿ ಹಕ್ಕು ಎಂಬುದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ವಾಯಿದೆ ಮುಂದಕ್ಕೆ ಹೋದ ಮೇಲೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಕಂಪ್ಲಿ ಬಸ್ಸಿಗೆ ಕಾಯುವುದನ್ನು ಯಾರೂ ಬರೆದಿಲ್ಲ. ಬುಧವಾರ ನಮ್ಮ ಎದುರು ಪಾರ್ಟಿ, ಮೇಲಿನ ಗದ್ದೆಗಳ ಕೊಟ್ರಯ್ಯನವರು ಅಲ್ಲೇ ಸಿಕ್ಕಿ, “ಏನವ್ವ ಲಾಯರಮ್ಮ, ಊಟ ಆತಾ? ನಿಮ್ಮಪ್ಪ ಹುಸೇನಪ್ಪಗ ಜಲ್ದಿ ಬರಾಕ ಹೇಳು, ಕಾಲುವಿ ಕೆಲಸ ಅವನದ ಐತಿ” ಎಂದರು. ಎಷ್ಟು ದಣಿದಿದ್ದೆನೆಂದರೆ ಸಿಟ್ಟೂ ಬರಲಿಲ್ಲ.

ನಿನ್ನೆ ಗೋಡೆಗೆ ಸುಣ್ಣ ಹಚ್ಚಲು ಅವ್ವ ಅಡುಗೆಮನೆಯ ಕ್ಯಾಲೆಂಡರ್ ಇಳಿಸಿದಳು. ಒಂದೇ ಮೊಳೆಗೆ ಐದು ವರ್ಷದವು. ನಮ್ಮ ಗೇಟು ಎತ್ತಿದ ದಿನಕ್ಕೆಲ್ಲ ನೀನು ಸೊನ್ನೆ ಸುತ್ತಿದ್ದೀ. ಪ್ರತಿ ಮಂಗಳವಾರ ನಮ್ಮ ಸರದಿ. ಹೋದ ವರ್ಷ ಸಿಕ್ಕಿದ್ದು ಒಂಬತ್ತೇ ಸೊನ್ನೆ. ಈ ಆಗಸ್ಟಿನಲ್ಲಿ ಒಂದೇ ಒಂದು, ಮೂವತ್ತನೇ ತಾರೀಕು. ಅದು ಶನಿವಾರ, ಅಪ್ಪಾ. ಕಮಿಷನರ್ ಬಂದ ದಿನ. ಮುಚ್ಚಿಡುವ ಮನಸ್ಸಿದ್ದವನು ಅದಕ್ಕೂ ಯಾಕೆ ಸೊನ್ನೆ ಸುತ್ತುತ್ತಾನೆ? ಆ ಕ್ಯಾಲೆಂಡರ್ ಹಿಡಿದುಕೊಂಡೇ ಅನುಸೂಯಾ ಮೇಡಂಗೆ ಫೋನ್ ಮಾಡಿದೆ. ಅವ್ವ ಚಹಾ ತಂದಿಟ್ಟಳು.

ಅಕ್ಕನಿಗೆ ನೆನಪು ಹೇಳು. ಅಜ್ಜಿ ನಿನಗೆಂದು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಾಳೆ. ಮಾತ್ರೆ ಬಿಡಬೇಡ.

ನಿನ್ನ
ಶಿಲ್ಪಶ್ರೀ

ಪರಶುರಾಮಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಇನ್ನೆರಡು ಮಾತು. ಸಾಕ್ಷಿಗೆ ಕ್ಯಾಲೆಂಡರ್ ಒಂದೇ ಸಾಲದಂತೆ. ಸೊನ್ನೆ ಸುತ್ತಿದವರೇ ಕಟಕಟೆಯಲ್ಲಿ ನಿಂತು ಹೇಳಬೇಕು, ಆ ಶನಿವಾರ ಗೇಟು ಎತ್ತಿಸಿದ್ದು ಯಾರೆಂಬುದನ್ನೂ ಹೇಳಬೇಕು ಎಂದರು ಮೇಡಂ. ಹೇಳಿದರೆ ನಿನ್ನ ಕೆಲಸ ಹೋಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅಂದು ಕೇರಿಯವರ ಮುಂದೆ ನಿನ್ನನ್ನು ‘ಮಾರಿಕೊಂಡವನು’ ಎಂದೆನಲ್ಲ, ಆ ಮಾತನ್ನು ನಿನ್ನೆ ಅವರ ಮುಂದೆಯೇ ವಾಪಸು ತೆಗೆದುಕೊಂಡೆ. ಮುಂದಿನ ವಾಯಿದೆ ಗುರುವಾರ, ಹದಿನೆಂಟನೇ ತಾರೀಕು; ಬೆಳಿಗ್ಗೆ ಹತ್ತು ಗಂಟೆಗೆ ಹೊಸಪೇಟೆ ಕೋರ್ಟಿನ ಗೇಟಿನಲ್ಲಿ ಕಾಯುತ್ತಿರುತ್ತೇನೆ.