ಮಹಾರಾಣಿಯ ಮೂಗಿನ ಮೊಡವೆ

ಮಾರ್ಚ್ ೧೪, ಶನಿವಾರ

ಮೂಗು ಇನ್ನೂ ಉರಿಯುತ್ತಿದೆ, ಆದರೆ ನಗು ನಿಲ್ಲುತ್ತಿಲ್ಲ. ಇವತ್ತು ನನ್ನ ಮೊದಲ ನಾಟಕ, ನಾನೇ ಮಹಾರಾಣಿ. ಮೂಗಿನ ತುದಿಯಲ್ಲೇ ಮೊಡವೆ! ಬೆಳಿಗ್ಗೆ ಅಮ್ಮ ನಿಂಬೆರಸ ಹಚ್ಚಿದಳು. ಮೂಗೆಲ್ಲ ಕೆಂಪಗಾಯಿತು. ಚರ್ಮದ ಡಾಕ್ಟರ ಹತ್ತಿರ ಓಡಿದೆವು.

"ನಿಂಬೆರಸ, ಟೂತ್‌ಪೇಸ್ಟ್ ಎಲ್ಲ ಚರ್ಮ ಸುಡುತ್ತೆ ಕಣಮ್ಮ. ತಣ್ಣೀರಲ್ಲಿ ತೊಳ್ಕೊ, ಚಿವುಟೋಕೆ ಹೋಗ್ಬೇಡ. ಮೂಗಿಗೆ ಬಣ್ಣನೂ ಬೇಡ," ಎಂದರು. ಅಮ್ಮನ ಮುಖ ಸಪ್ಪಗಾಯಿತು.

ಸಂಜೆ ಕೆಂಪು ಮೂಗಿನಲ್ಲೇ ರಂಗಕ್ಕೆ ಹೋದೆ. ಮಹಾರಾಜ, "ನಿನ್ನ ಮುಖ ಪೂರ್ಣಚಂದ್ರನಂತಿದೆ," ಎಂದ. ನೋಡುತ್ತಿದ್ದ ಜನ ಕಿಸಕ್ಕೆಂದರು. ನನಗೆ ಅದೆಲ್ಲಿಂದ ಧೈರ್ಯ ಬಂತೋ, "ಪ್ರಭು, ಆ ಚಂದ್ರನ ಮೇಲೆ ನಮ್ಮಮ್ಮ ನಿಂಬೆಹಣ್ಣು ಹಿಂಡಿದ್ದಾಳೆ!" ಎಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ. ಈಗಲೂ ಅಪ್ಪನ ಮುಂದೆ ನನ್ನ ದನಿಯಲ್ಲೇ ಆ ಮಾತು ಹೇಳಿ ಹೇಳಿ ನಗುತ್ತಿದ್ದಾಳೆ. ಪಾಪ ಅಪ್ಪ, ಅವರಿಗೆ ನಿದ್ದೆ ಬರುತ್ತಿದೆ, ಅಮ್ಮ ಬಿಡುತ್ತಿಲ್ಲ.